ಗೋಲಿಗೊಂದು ಲಕ್ಷ: ಫುಟ್ಬಾಲ್ ಕ್ಲಬ್ಬುಗಳ ದಾನವೂ ನೆರೆಯವರ ಲೆಕ್ಕವೂ

ಬೀಚನಹಳ್ಳಿಗೆ ಕಬಿನಿ ಅಣೆಕಟ್ಟು ನೋಡಲು ಬರುವವರು ಸಾಮಾನ್ಯವಾಗಿ ನೀರು ನೋಡಿ, ಮೀನು ತಿಂದು ಹೊರಟುಹೋಗುತ್ತಾರೆ. ಸಂಜೆ ಹೊತ್ತು ಅಲ್ಲಿನ ಬಯಲಿನಲ್ಲಿ ಆಡುವ ಹುಡುಗರತ್ತ ಕಣ್ಣು ಹಾಯಿಸುವವರು ಕಡಿಮೆ. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಆಟ ಎಂದರೆ ವಾಲಿಬಾಲು, ಕಬಡ್ಡಿ. ಈಗ ಎಲ್ಲ ಕಡೆ ಇರುವಂತೆ ಇಲ್ಲೂ ಕ್ರಿಕೆಟ್ಟು. ಫುಟ್ಬಾಲಿನ ಹುಚ್ಚು ಏನಾದರೂ ಇಲ್ಲಿಗೆ ಬಂದಿದ್ದರೆ ಅದು ಬಾವಲಿ ಕಡೆಯಿಂದ, ಶುಂಠಿಯ ಜೊತೆಯಲ್ಲಿ ಬಂದಿರಬೇಕು. ವಯನಾಡಿನಿಂದ ಬಂದು ಇಲ್ಲಿನ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವವರು ತಮ್ಮ ಜೊತೆ ಕಪ್ಪೆ ಗೆಣಸು, ಕಟ್ಟನ್ ಚಾಯ್ ತಂದಂತೆ ಇದನ್ನೂ ತಂದರು.

2024ರ ಕೊನೆಯಲ್ಲಿ ಆ ಬಯಲಿನಲ್ಲಿ ಒಬ್ಬ ಹುಡುಗನನ್ನು ಕಂಡೆ. ಏಳನೆಯ ಕ್ಲಾಸಿನವನಿರಬಹುದು. ಮೈಮೇಲೆ ಕೇರಳ ಬ್ಲಾಸ್ಟರ್ಸ್ ತಂಡದ ಹಳದಿ ಜೆರ್ಸಿ. ಎದೆಯ ಮೇಲೆ ಆ ಕ್ಲಬ್ಬಿನ ಲಾಂಛನವಾದ ಆನೆ. ಅವನ ಅಪ್ಪ ಕೂಲಿಗೆ ಹೋಗುವ ಶುಂಠಿ ಹೊಲದ ಗುತ್ತಿಗೆದಾರರ ಮಗ ತನಗೆ ಚಿಕ್ಕದಾಯಿತೆಂದು ಕೊಟ್ಟದ್ದಂತೆ. 'ನಿಮ್ಮಪ್ಪನ ರಾಗಿ ತಿಂದು ಹೋಗೋ ಆನೇನ ಎದೆ ಮೇಲೆ ಕೂರಿಸ್ಕಂಡಿದ್ದೀಯಲ್ಲೋ' ಎಂದು ತಮಾಷೆ ಮಾಡಿದೆ. ಅವನು ನಗಲಿಲ್ಲ. ತನ್ನ ತಂಡದ ಹಿರಿಮೆ ಹೇಳಬೇಕಿತ್ತು ಅವನಿಗೆ.

'ಇವ್ರು ಒಂದು ಗೋಲ್ ಹೊಡುದ್ರೆ ವಯನಾಡಿಗೆ ಒಂದು ಲಕ್ಷ ಕೊಡ್ತವ್ರೆ ಸಾ.'

'ಒಳ್ಳೇದಾಯ್ತಲ್ಲಪ್ಪ' ಅಂದೆ.

ಸ್ವಲ್ಪ ಹೊತ್ತು ಚೆಂಡನ್ನು ಕಾಲಲ್ಲೇ ಆಡಿಸುತ್ತಿದ್ದವನು ತಲೆ ಎತ್ತಿ ಕೇಳಿದ: 'ಗೋಲೇ ಆಗ್ನಿಲ್ಲ ಅಂದ್ರೆ?'

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ಅವನಿಗೆ ಅಲ್ಲಿ ನಿಂತು ಉತ್ತರ ಹೇಳಲು ನನಗಾಗಲಿಲ್ಲ.

ಹುಡುಗ ಹೇಳಿದ ಸುದ್ದಿ ನಿಜ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜಾರಿ ಊರಿಗೆ ಊರೇ ಹೋಯಿತು. ಮಲೆಯ ನೀರಿಗೆ ಎರಡು ದಾರಿ. ಚೂರಲ್‌ಮಲೆಯ ನೀರು ಪಡುವಣಕ್ಕೆ ಇಳಿದು ಚಾಲಿಯಾರ್ ಹೊಳೆ ಸೇರುತ್ತದೆ. ಹೆಣಗಳು ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ತನಕ ತೇಲಿಹೋದದ್ದು ಹಾಗೆ. ಪನಮರಂ, ಮಾನಂದವಾಡಿ ಹೊಳೆಗಳ ನೀರು ಮೂಡಣಕ್ಕೆ ಹರಿದು ಕಬಿನಿಯಾಗಿ ಬೀಚನಹಳ್ಳಿಗೆ ಬರುತ್ತದೆ. ಆ ವಾರ ಅದೇ ಮಳೆ ನಮ್ಮ ಅಣೆಕಟ್ಟನ್ನೂ ತುಂಬಿಸಿತು. ಬಿಟ್ಟ ನೀರಿಗೆ ನಂಜನಗೂಡಿನ ಸ್ನಾನಘಟ್ಟ ಮುಳುಗಿತು. ನಮಗೆ ಬಂದದ್ದು ನೀರು, ಅವರಿಗೆ ಬಂದದ್ದು ಸಾವು. ಆ ದಿನಗಳಲ್ಲಿ ಕೊಚ್ಚಿಯ ಬ್ಲಾಸ್ಟರ್ಸ್ ಕ್ಲಬ್ಬು ಕೇರಳದ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ 25 ಲಕ್ಷ ರೂಪಾಯಿ ಕೊಟ್ಟಿತು. ಅದರ ಜೊತೆಗೆ 'ವಯನಾಡಿಗಾಗಿ ಗೋಲು' ಎಂಬ ಯೋಜನೆ ಘೋಷಿಸಿತು. ಆ ವರ್ಷದ ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡ ಹೊಡೆಯುವ ಒಂದೊಂದು ಗೋಲಿಗೂ ಒಂದೊಂದು ಲಕ್ಷ.

25 ಲಕ್ಷ ಸಣ್ಣ ಮೊತ್ತವಲ್ಲ. ಕೊಟ್ಟವರನ್ನು ಹೀಯಾಳಿಸುವುದು ಸುಲಭ. ಕೊಡದೆ ಸುಮ್ಮನಿದ್ದವರನ್ನು ಯಾರೂ ಕೇಳುವುದಿಲ್ಲ. ಮನೆ ಕಳೆದುಕೊಂಡವಳಿಗೆ ಬಂದ ಅಕ್ಕಿ ಯಾರ ಕಡೆಯದು ಎನ್ನುವುದಕ್ಕಿಂತ ಅಕ್ಕಿ ಬಂತು ಎನ್ನುವುದು ದೊಡ್ಡದು. ಆದರೂ ಗೋಲಿಗೆ ಲಕ್ಷ ಎಂಬ ಏರ್ಪಾಡಿನಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಏನೋ ಇದೆ. ಚೂರಲ್‌ಮಲೆಯ ವಿಧವೆಗೆ ಎಷ್ಟು ಸಿಗಬೇಕೆಂಬುದನ್ನು ಕೊಚ್ಚಿಯ ಮೈದಾನದಲ್ಲಿ ಎದುರಾಳಿ ತಂಡದ ಗೋಲಿ ಎಷ್ಟು ಚೆನ್ನಾಗಿ ಹಾರುತ್ತಾನೆ ಎನ್ನುವುದು ತೀರ್ಮಾನಿಸುತ್ತದೆ. ಸಂತ್ರಸ್ತರ ಅಗತ್ಯಕ್ಕೂ ಸಿಗುವ ಮೊತ್ತಕ್ಕೂ ಇಲ್ಲಿ ಸಂಬಂಧವೇ ಇಲ್ಲ. ಸಂಬಂಧ ಇರುವುದು ನೋಡುಗನ ಉಲ್ಲಾಸಕ್ಕೆ. ಗೋಲಾದಾಗ ಕುಣಿಯುವವನಿಗೆ ತನ್ನ ಕುಣಿತದಲ್ಲಿ ಒಂದು ಪುಣ್ಯವೂ ಸೇರಿತು ಎಂಬ ನೆಮ್ಮದಿ. ಅಂದಹಾಗೆ ಆ ಋತುವಿನಲ್ಲಿ ಬ್ಲಾಸ್ಟರ್ಸ್ ಚೆನ್ನಾಗಿ ಆಡಲಿಲ್ಲ, ಎಂಟನೆಯ ಸ್ಥಾನಕ್ಕೆ ಕುಸಿಯಿತು. ಕ್ಲಬ್ಬಿನ ಸೋಲು ಗೆಲುವು ಕ್ಲಬ್ಬಿನದು. ಅದನ್ನು ವಯನಾಡಿನ ತಲೆಗೆ ಕಟ್ಟಬೇಕಿತ್ತೆ?

ಕೋಟೆ ತಾಲೂಕಿನವರಿಗೆ ಈ ವಿಷಯದಲ್ಲಿ ಒಂದು ಸೂಕ್ಷ್ಮ ಗೊತ್ತಿದೆ. ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು 'ಪರಿಹಾರ.' 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರಿಗೆ ಪರಿಹಾರ. ನಾಗರಹೊಳೆಯ ಕಾಡಿನಿಂದ ಎಬ್ಬಿಸಿದ ಜೇನುಕುರುಬರಿಗೆ ಪರಿಹಾರ. ಆನೆ ಬಂದು ರಾಗಿ ತುಳಿದರೆ, ಹುಲಿ ಹಸು ಹಿಡಿದರೆ ಪರಿಹಾರ. ಸಿಕ್ಕಿತೋ ಇಲ್ಲವೋ, ಸಿಕ್ಕಿದ್ದು ಸಾಕಾಯಿತೋ ಇಲ್ಲವೋ, ಅದು ಬೇರೆ ಕಥೆ. ಆದರೆ ಪರಿಹಾರಕ್ಕೆ ಅರ್ಜಿ ಕೊಡಬಹುದು, ಕಚೇರಿ ಮುಂದೆ ಕೂರಬಹುದು, ಸಾಹೇಬರ ಜೊತೆ ಜಗಳ ಆಡಬಹುದು. ಹಿನ್ನೀರಿನ ದಡದ ರೆಸಾರ್ಟಿನವರು ಆಗಸ್ಟ್ 15ಕ್ಕೆ ಶಾಲೆಗೆ ಬಂದು ನೋಟ್‌ಬುಕ್ ಹಂಚಿದರೆ ಅವರ ಜೊತೆ ಜಗಳ ಆಡುವಂತಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು, ಫೋಟೊಕ್ಕೆ ನಗಿಸಬೇಕು. ಮುಂದಿನ ವರ್ಷ ಅವರು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಲು ಯಾರಿಗೂ ಬಾಯಿಲ್ಲ. ದಾನ ಮತ್ತು ಹಕ್ಕು ಇವೆರಡರ ನಡುವಿನ ಅಂತರ ಕಬಿನಿ ದಡದ ಜನಕ್ಕೆ ಪುಸ್ತಕ ಓದಿ ತಿಳಿಯಬೇಕಾದದ್ದಲ್ಲ. ನಮ್ಮಲ್ಲಿ ಝಕಾತ್ ಮತ್ತು ಸದಕಾ ಎಂದು ಎರಡನ್ನು ಬೇರೆ ಬೇರೆ ಹೆಸರಿಟ್ಟು ಕರೆಯುವುದರ ಹಿಂದೆಯೂ, ಶರಣರು ದಾನದ ಬದಲು ದಾಸೋಹ ಎಂದುದರ ಹಿಂದೆಯೂ ಇದೇ ವಿವೇಕ ಇರುವಂತಿದೆ. ಪಡೆಯುವವನ ತಲೆ ತಗ್ಗಬಾರದು. ಕೊಡುವವನು ತನ್ನ ಮನಸ್ಸಿಗೆ ಬಂದಾಗ ನಿಲ್ಲಿಸುವಂತಿರಬಾರದು.

ಫುಟ್ಬಾಲ್ ಕ್ಲಬ್ಬುಗಳ ಮಟ್ಟಿಗೆ ಈ ತಕರಾರು ಹೊಸದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬು ಹುಟ್ಟಿದ್ದೇ ದಾನಕ್ಕಾಗಿ. ಐರ್ಲೆಂಡಿನ ಕ್ಷಾಮದಿಂದ ಗುಳೆ ಬಂದ ಕ್ಯಾಥೊಲಿಕ್ ಕುಟುಂಬಗಳು ಆ ನಗರದ ಪೂರ್ವದ ಕೇರಿಗಳಲ್ಲಿ ಹಸಿದು ಬದುಕುತ್ತಿದ್ದವು. ಬ್ರದರ್ ವಾಲ್‌ಫ್ರಿಡ್ ಎಂಬ ಶಾಲಾ ಗುರು 1887ರಲ್ಲಿ ಫುಟ್ಬಾಲ್ ಕ್ಲಬ್ ಕಟ್ಟಿದ್ದು ಟಿಕೆಟಿನ ಹಣದಲ್ಲಿ ಆ ಮಕ್ಕಳಿಗೆ ಊಟ ಹಾಕಲೆಂದು. ತಂಡ ಗೆಲ್ಲತೊಡಗಿತು, ಜನ ನುಗ್ಗಿ ಬಂದರು, ದುಡ್ಡು ಬಂತು. ದುಡ್ಡು ಬಂದ ಮೇಲೆ ಒಳ್ಳೆಯ ಆಟಗಾರರು ಬೇಕಾದರು, ದೊಡ್ಡ ಮೈದಾನ ಬೇಕಾಯಿತು. ಹತ್ತೇ ವರ್ಷದಲ್ಲಿ, 1897ರಲ್ಲಿ, ಅದು ಲಿಮಿಟೆಡ್ ಕಂಪನಿಯಾಯಿತು. ಮಕ್ಕಳ ಊಟದ ಮೇಜು ಹಿಂದೆ ಸರಿಯಿತು, ಷೇರುದಾರರು ಮುಂದೆ ಬಂದು ಕೂತರು. ಸೆಲ್ಟಿಕ್ ಇಂದಿಗೂ ಸಮಾಜಸೇವೆ ಮಾಡುತ್ತದೆ, ಅದಕ್ಕಾಗಿ ಒಂದು ಪ್ರತ್ಯೇಕ ಸಂಸ್ಥೆಯೇ ಇದೆ. ಆದರೆ ಊಟ ಹಾಕಲು ಆಟ ಎಂದು ಶುರುವಾದದ್ದು, ಆಟದಲ್ಲಿ ಉಳಿದರೆ ಊಟ ಎಂಬಲ್ಲಿಗೆ ಬಂದು ನಿಂತಿತು.

ಇಂಗ್ಲೆಂಡಿನಲ್ಲಿ ಕ್ಲಬ್ಬುಗಳ ಸಮುದಾಯ ಯೋಜನೆ ವ್ಯವಸ್ಥಿತವಾಗಿ ಆರಂಭವಾದದ್ದು 1986ರಲ್ಲಿ. ಅದು ಪುಂಡಾಟಿಕೆಯ ಕಾಲ. ಮೈದಾನಗಳಲ್ಲಿ ಹೊಡೆದಾಟ, ಸಾವುನೋವು. ಕ್ಲಬ್ಬು ಎಂದರೆ ಅಕ್ಕಪಕ್ಕದ ಬೀದಿಯವರು ಬಾಗಿಲು ಹಾಕಿಕೊಳ್ಳುವ ಸ್ಥಿತಿ. ಆಗ ಆಟಗಾರರ ಸಂಘದ ಮುತುವರ್ಜಿಯಿಂದ ಕ್ಲಬ್ಬುಗಳು ನೆರೆಯವರ ಬಾಗಿಲು ತಟ್ಟಿದವು. ಇದರಲ್ಲಿ ಸ್ವಾರ್ಥ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆದರೆ ನೆರೆಯವರಿಗೆ ನಮ್ಮ ಮೇಲೆ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ ಎಂಬ ಒಪ್ಪಿಗೆ ಅದರೊಳಗಿತ್ತು. ಆ ಒಪ್ಪಿಗೆಯೇ ಅದಕ್ಕೊಂದು ಬೆಲೆ ತಂದುಕೊಟ್ಟಿತು. ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬಿನ ಸಮುದಾಯ ಸಂಸ್ಥೆ 1988ರಿಂದ ನಡೆದುಕೊಂಡು ಬಂದಿದೆ, ಅದೂ ಕ್ಲಬ್ಬಿನ ಸುತ್ತಲ ಅದೇ ಬಡ ಬೀದಿಗಳಲ್ಲಿ. 2015ರಲ್ಲಿ ಅದೇ ನಗರದಲ್ಲಿ ಹಸಿದವರಿಗೆ ದಿನಸಿ ಒಟ್ಟುಮಾಡುವ ಕೆಲಸಕ್ಕೆ ಕೈಹಾಕಿದವರು ಮಾತ್ರ ಕ್ಲಬ್ಬಿನ ಯಜಮಾನರಲ್ಲ; ಎವರ್ಟನ್, ಲಿವರ್‌ಪೂಲ್ ಎರಡೂ ಕಡೆಯ ಅಭಿಮಾನಿಗಳು. ಪಂದ್ಯದ ದಿನ ಒಬ್ಬರ ಮೇಲೊಬ್ಬರು ಕೂಗಾಡುವವರೇ ಮೈದಾನದ ಹೊರಗೆ ಒಂದೇ ಬುಟ್ಟಿಗೆ ದಿನಸಿ ಹಾಕಿದರು. 2020ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ಬೇಸಿಗೆ ರಜೆಯಲ್ಲೂ ಬಡಮಕ್ಕಳಿಗೆ ಶಾಲೆಯ ಊಟ ಕೊಡಬೇಕೆಂದು ಸರ್ಕಾರದ ಹಿಂದೆ ಬಿದ್ದು ಅದರ ತೀರ್ಮಾನ ಬದಲಾಯಿಸಿದ. ತಾನು ಚಿಕ್ಕವನಿದ್ದಾಗ ಆ ಊಟ ಉಂಡವನು ಅವನು. ನಾನೇ ಕೊಡುತ್ತೇನೆ ಎಂದು ನಿಲ್ಲದೆ, ಸರ್ಕಾರ ಕೊಡಬೇಕಾದದ್ದನ್ನು ಕೊಡಲಿ ಎಂದು ಕೇಳಿದ. ದಾನಕ್ಕಿಂತ ಇದು ಕಷ್ಟದ ಕೆಲಸ.

ಬಾರ್ಸಿಲೋನಾದ ಕಥೆ ಇದಕ್ಕೆ ತಿರುವುಮುರುವು. 1899ರಲ್ಲಿ ಹುಟ್ಟಿದ ಆ ಕ್ಲಬ್ಬು ನೂರು ವರ್ಷ ತನ್ನ ಅಂಗಿಯ ಎದೆಯ ಮೇಲೆ ಯಾವ ಕಂಪನಿಯ ಹೆಸರನ್ನೂ ಹಾಕಿಸಿಕೊಂಡಿರಲಿಲ್ಲ. 2006ರಲ್ಲಿ ಮೊದಲ ಬಾರಿ ಹಾಕಿದ ಹೆಸರು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ನದು. ಹಣ ತೆಗೆದುಕೊಂಡಲ್ಲ, ಪ್ರತಿವರ್ಷ ತಾನೇ ಹಣ ಕೊಟ್ಟು. ಲೋಕವೆಲ್ಲ ತಲೆದೂಗಿತು. ಐದು ವರ್ಷ ಕಳೆದು ಸಾಲ ಕುತ್ತಿಗೆಗೆ ಬಂದಾಗ, 2011ರಲ್ಲಿ ಅದೇ ಎದೆಯ ಜಾಗವನ್ನು ಕತಾರ್ ಫೌಂಡೇಶನ್ನಿಗೆ ಮಾರಿತು. ಯುನಿಸೆಫ್ ಬೆನ್ನಿಗೆ ಹೋಯಿತು. ಕತಾರ್ ಫೌಂಡೇಶನ್ ಕೂಡ ವಿದ್ಯಾದಾನದ ಸಂಸ್ಥೆಯೇ ಎಂಬುದು ಆಗ ಕೊಟ್ಟ ಸಮಾಧಾನ. ಎರಡು ವರ್ಷಕ್ಕೆ ಅದೂ ಹೋಗಿ ಕತಾರ್ ಏರ್‌ವೇಸ್ ಬಂತು. ಮೊದಲು ದಾನ ಕೊಟ್ಟು ಜಾಗದ ಬೆಲೆ ಏರಿಸಿ ಆಮೇಲೆ ಮಾರಿದರು ಎಂದು ಲೇವಡಿ ಮಾಡಿದವರಿದ್ದಾರೆ. ಉದ್ದೇಶ ಹಾಗಿರಲಿಕ್ಕಿಲ್ಲ, ಆದರೆ ಆದದ್ದು ಅದೇ. ಅದೇ ಕತಾರಿನಲ್ಲಿ 2022ರ ವಿಶ್ವಕಪ್ಪಿಗೆ ಮೈದಾನ ಕಟ್ಟಲು ಬಿಸಿಲಿನಲ್ಲಿ ಬೆಂದ ದಕ್ಷಿಣ ಏಷ್ಯಾದ ಕೂಲಿಗಳ ಪಾಡು ಗಲ್ಫಿಗೆ ಮಕ್ಕಳನ್ನು ಕಳಿಸಿದ ನಮ್ಮ ಮನೆಗಳಿಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮವರ ಹಣ ಎಂಬ ಕಾರಣಕ್ಕೆ ಆ ಮಾತನ್ನು ನಾವು ಮೆಲ್ಲಗೆ ಆಡಬೇಕಾಗಿಯೂ ಇಲ್ಲ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದಲ್ಲಿ ಫುಟ್ಬಾಲ್ ಎಂದರೆ ಬೆಂಗಳೂರು, ಅದರಲ್ಲೂ ದಂಡು ಪ್ರದೇಶ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳ ತಮಿಳು, ಮುಸ್ಲಿಂ, ಕ್ರೈಸ್ತ, ದಲಿತ ಕೇರಿಗಳು ಬಿಳಿಯ ಸಿಪಾಯಿಗಳ ಆಟವನ್ನು ನೋಡಿ ಕಲಿತು ಅವರನ್ನೇ ಸೋಲಿಸಿದವು. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ, ಅಂಬೇಡ್ಕರರ ಪ್ರತಿಮೆಗೆ ನೆರೆಯಾಗಿ. ಬೆಂಗಳೂರ್ ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಆ ಕಪ್ಪು ಬ್ರಿಟಿಷ್ ಪಡೆಗಳ ಸೊತ್ತು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಇನ್ನೊಮ್ಮೆ. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಜೊತೆಗಿದ್ದವರಲ್ಲಿ ಬರಿಗಾಲ ಮಾಂತ್ರಿಕ ಅಹಮದ್ ಖಾನ್. ಬೆಂಗಳೂರ್ ಮುಸ್ಲಿಮ್ಸ್ ಎಂಬ ಹೆಸರು ಹೇಳಿದರೆ ಇಂದು ನಮ್ಮ ಓದಿದ ಹುಡುಗರೂ ಕಣ್ಣು ಕಣ್ಣು ಬಿಡುತ್ತಾರೆ.

ಈ ಹಳೆಯ ತಂಡಗಳು ಸಮಾಜಸೇವೆ ಮಾಡುತ್ತೇವೆ ಎಂದು ಹೇಳಿಕೊಳ್ಳಲಿಲ್ಲ. ಅವು ಕೇರಿಯೊಳಗೇ ಇದ್ದವು, ಕೇರಿಯವರಿಂದಲೇ ನಡೆದವು. ಸ್ವಾತಂತ್ರ್ಯದ ನಂತರ ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಉದ್ಯಮಗಳು ತಂಡ ಕಟ್ಟಿದವು. ಆ ತಂಡಗಳೂ ಕೇರಿಗೆ ಅಕ್ಕಿ ಹಂಚಲಿಲ್ಲ, ಕೆಲಸ ಕೊಟ್ಟವು. ಚೆನ್ನಾಗಿ ಚೆಂಡು ಒದೆಯುವ ಹುಡುಗನಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ, ಪಿಂಚಣಿ, ಕ್ವಾರ್ಟರ್ಸು, ಮಕ್ಕಳಿಗೆ ಕಾರ್ಖಾನೆಯ ಶಾಲೆ. ಕರ್ನಾಟಕದಲ್ಲಿ ಫುಟ್ಬಾಲ್ ಎಂಬ ಆಟ ಬಡವರಿಗೆ ಮಾಡಿದ ಅತಿ ದೊಡ್ಡ ಉಪಕಾರ ಇದೇ ಎಂದು ನನಗನಿಸುತ್ತದೆ. ಅದಕ್ಕೆ ಯಾರೂ ಉಪಕಾರ ಎಂಬ ಹೆಸರಿಡಲಿಲ್ಲ. ಆಟಗಾರನು ದುಡಿದ, ಕಂಪನಿ ಸಂಬಳ ಕೊಟ್ಟಿತು. ಮೊಣಕಾಲು ಮುರಿದ ಮೇಲೂ ಕೆಲಸ ಉಳಿಯುತ್ತಿತ್ತು. ಉದಾರೀಕರಣದ ಗಾಳಿ ಬೀಸಿದ ಮೇಲೆ ಈ ಕಾರ್ಖಾನೆಗಳೇ ಬಡವಾದವು, ಹೊಸ ನೇಮಕಾತಿ ಕಡಿಮೆಯಾಯಿತು. ಎಚ್‌ಎಎಲ್ ತಂಡ 2010ರ ಹೊತ್ತಿಗೆ ದೇಶದ ಐ-ಲೀಗಿನಲ್ಲಿ ಆಡಿತು. ಖಾಲಿ ಗ್ಯಾಲರಿಯ ಮುಂದೆ ಆಡಿ, ಕೆಳಗಿಳಿದು, ಮರೆಯಾಯಿತು.

ಆ ಖಾಲಿ ಜಾಗಕ್ಕೆ 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ ಬೆಂಗಳೂರು ಎಫ್‌ಸಿ ಬಂತು. ಬಂದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಸೂಪರ್ ಲೀಗ್ ಗೆದ್ದಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿಯ ಯುವಕರು ತೊಂಬತ್ತು ನಿಮಿಷ ಕೂರದೆ ಹಾಡುತ್ತಾರೆ. ಕ್ರಿಕೆಟ್ಟಿನ ಊರಿನಲ್ಲಿ ಇಂಥ ನೋಡುಗರನ್ನು ಹುಟ್ಟಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಇದು ಯಾರ ಕ್ಲಬ್ಬು? ಕಂಠೀರವದಲ್ಲಿ ಓಡಿ ಅಭ್ಯಾಸ ಮಾಡುತ್ತಿದ್ದ ಅಥ್ಲೀಟ್‌ಗಳು ಪಂದ್ಯಗಳ ಕಾರಣಕ್ಕೆ ತಮಗೆ ಟ್ರ್ಯಾಕ್ ಸಿಗುತ್ತಿಲ್ಲವೆಂದು ದೂರಿದರು, ಹೈಕೋರ್ಟಿನ ತನಕ ಹೋದರು. ಅವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲಿರುವ ಬಡ ಮಕ್ಕಳು. ಕ್ಲಬ್ಬಿಗೆ ಅವರೇ ಎಲ್ಲರಿಗಿಂತ ಹತ್ತಿರದ ನೆರೆಯವರು; ಒಂದೇ ಅಂಗಳ. ಒಂದು ಕ್ಲಬ್ಬು ತನ್ನ ಊರಿಗೆ ಏನು ಮಾಡಿತು ಎಂದು ಅಳೆಯುವಾಗ ಅದು ಹಂಚಿದ ಚೆಂಡುಗಳ ಸಂಖ್ಯೆಯ ಜೊತೆಗೆ ಇದನ್ನೂ ಇಟ್ಟು ನೋಡಬೇಕಾಗುತ್ತದೆ.

ಕಾನೂನೂ ಈ ನೆರೆಯ ಪ್ರಶ್ನೆಯನ್ನು ಎತ್ತಿದೆ ಎಂಬುದು ಸೋಜಿಗ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ಒಂದು ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಹೇಳುತ್ತದೆ. ಕ್ರೀಡಾ ತರಬೇತಿ ಆ ಖರ್ಚಿನ ಪಟ್ಟಿಯಲ್ಲಿದೆ. 2021ರಲ್ಲಿ ತಿದ್ದಿದ ನಿಯಮಗಳು ಕಂಪನಿಯ ಮಾಲಿಗೆ ಪ್ರಚಾರ ಸಿಗಲೆಂದು ಕೊಡುವ ಪ್ರಾಯೋಜಕತ್ವವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದವು. ಅಂದರೆ ಜಾಹೀರಾತು ಬೇರೆ, ಸೇವೆ ಬೇರೆ ಎಂದು ಸರ್ಕಾರಕ್ಕೂ ಗೊತ್ತು. ಆದರೆ ಉಕ್ಕಿನ ಕಂಪನಿಯ ಸ್ಥಳೀಯ ಪ್ರದೇಶ ತೋರಣಗಲ್ಲು; ಬಳ್ಳಾರಿಯ ಆ ಕೆಂಪು ದೂಳಿನ ಊರು. ಅಲ್ಲಿಯ ವಿಜಯನಗರ ಟೌನ್‌ಶಿಪ್ಪಿನಲ್ಲಿ ಕಂಪನಿ ಕ್ರೀಡಾ ತರಬೇತಿ ಸಂಸ್ಥೆ ಕಟ್ಟಿರುವುದು ನಿಜ, ಒಳ್ಳೆಯದು. ಫುಟ್ಬಾಲ್ ತಂಡದ ಸ್ಥಳೀಯ ಪ್ರದೇಶ ಯಾವುದು? ಹೆಸರಿನಲ್ಲಿರುವ ಬೆಂಗಳೂರೇ? ಆಟಗಾರರನ್ನು ಹೆತ್ತ ಆಸ್ಟಿನ್ ಟೌನೇ? ಮೊಬೈಲಿನಲ್ಲಿ ಡೇಟಾ ಹಾಕಿಸಿ ಪಂದ್ಯ ನೋಡುವ ಬೀಚನಹಳ್ಳಿಯೇ? ದುಡ್ಡು ಎಲ್ಲರಿಂದ ಬರುತ್ತದೆ. ನೆರೆಯವರು ಯಾರು ಎಂದು ಆರಿಸುವ ಅಧಿಕಾರ ಮಾತ್ರ ಕಂಪನಿಯ ಕೈಯಲ್ಲಿದೆ.

ಈ ಏರ್ಪಾಡು ಎಷ್ಟು ಪೊಳ್ಳೆಂಬುದು 2025ರಲ್ಲಿ ಬಯಲಾಯಿತು. ಫುಟ್ಬಾಲ್ ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ ಕರಾರಿನ ತಕರಾರು ಬಂದು ಜುಲೈಯಲ್ಲಿ ಮುಂದಿನ ಋತುವನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೂ ತರಬೇತಿ ಶಾಲೆಗಳಿಗೂ ತೊಂದರೆಯಿಲ್ಲ ಎಂದು ಅದೇ ಪ್ರಕಟಣೆಯಲ್ಲಿತ್ತು. ಆ ತರಬೇತಿ ಶಾಲೆಗಳು ಫೀಸು ಕಟ್ಟುವ ಮಕ್ಕಳವು. ಕ್ಲಬ್ಬನ್ನು ಇದಕ್ಕಾಗಿ ದೂರುವುದು ಪೂರ್ತಿ ನ್ಯಾಯವಲ್ಲ; ಪಂದ್ಯವೇ ಇಲ್ಲದಿದ್ದರೆ ಹಣ ಎಲ್ಲಿಂದ ಬರಬೇಕು? ಆದರೆ ದೇಶದ ಅತ್ಯಂತ ಶಿಸ್ತಿನ ಕ್ಲಬ್ಬು ಎನಿಸಿಕೊಂಡದ್ದಕ್ಕೇ ಒಂದು ಕರಾರು ಹರಿದರೆ ಸಂಬಳ ಕೊಡಲಾಗುವುದಿಲ್ಲ ಎಂದಾದರೆ, ಅಂಥ ಕ್ಲಬ್ಬುಗಳ ದಾನದ ಮೇಲೆ ಭಾರ ಹಾಕಿ ಯಾವ ಕೇರಿಯ ಮಗು ನಡೆಯಬಲ್ಲದು?

ಹೀಗೆಂದಾಗ ಮಲಬಾರಿನ ಗೆಳೆಯರು ಸೆವೆನ್ಸ್ ನೋಡಿ ಎನ್ನುತ್ತಾರೆ. ಏಳೇಳು ಜನ ಆಡುವ, ಫೆಡರೇಶನ್ನಿನ ಲೆಕ್ಕಕ್ಕೆ ಸೇರದ ಈ ಆಟ ಮಲಪ್ಪುರಂ, ಕೋಯಿಕ್ಕೋಡು ಕಡೆಯ ಜೀವ. ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರದ ಗ್ಯಾಲರಿ ಕಟ್ಟಿ, ದೀಪ ಹಾಕಿ, ರಾತ್ರಿಯೆಲ್ಲ ಪಂದ್ಯ. ಊರ ಕ್ಲಬ್ಬೇ ನಡೆಸುತ್ತದೆ. ಉಳಿದ ಹಣ ಊರಿನ ಡಯಾಲಿಸಿಸ್ ರೋಗಿಗೋ, ಸಾಂತ್ವನ ಚಿಕಿತ್ಸೆಯ ಕೇಂದ್ರಕ್ಕೋ, ಮನೆಯಿಲ್ಲದವರ ಮನೆಗೋ ಹೋಗುತ್ತದೆ. ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಚಹಾದಂಗಡಿಯಲ್ಲಿ ನಿಂತು ಯಾರು ಬೇಕಾದರೂ ಕೇಳಬಹುದು. ಕೇಳುತ್ತಾರೆ ಕೂಡ, ಜೋರಾಗಿ. ನಾನು ಮೇಲೆ ಹೇಳಿದ ಹಕ್ಕಿನ ಮಾತಿಗೆ ಇಷ್ಟು ಹತ್ತಿರ ಬರುವ ಇನ್ನೊಂದು ಫುಟ್ಬಾಲ್ ನಮ್ಮ ಆಸುಪಾಸಿನಲ್ಲಿಲ್ಲ.

ಆದರೆ ಅಲ್ಲೂ ಒಂದು ಕತ್ತಲ ಮೂಲೆ ಇದೆ. ಝಕರಿಯಾ ನಿರ್ದೇಶನದ 'ಸುಡಾನಿ ಫ್ರಮ್ ನೈಜೀರಿಯಾ' ಎಂಬ 2018ರ ಮಲಯಾಳಂ ಸಿನಿಮಾ ಅದನ್ನು ಬಹಳ ಮೃದುವಾಗಿ ತೋರಿಸುತ್ತದೆ. ಸೆವೆನ್ಸ್ ತಂಡದ ಮ್ಯಾನೇಜರ್ ಮಜೀದ್. ಅವನ ತಂಡದಲ್ಲಿ ಆಡಲು ಬಂದ ನೈಜೀರಿಯಾದ ಸ್ಯಾಮುಯೆಲ್. ಆಫ್ರಿಕಾದ ಯಾರೇ ಬಂದರೂ ಊರವರ ಬಾಯಲ್ಲಿ 'ಸುಡಾನಿ.' ಅವನ ಕಾಲು ಪೆಟ್ಟಾದಾಗ ಆಸ್ಪತ್ರೆಯ ಖರ್ಚು ತಾಳದೆ ಮಜೀದ್ ಅವನನ್ನು ಮನೆಗೆ ತರುತ್ತಾನೆ. ಮಜೀದನ ತಾಯಿ ಜಮೀಲಾ, ನೆರೆಮನೆಯ ಬೀಯುಮ್ಮಾ ಇಬ್ಬರೂ ಭಾಷೆ ಬಾರದ ಆ ಹುಡುಗನನ್ನು ಹೆತ್ತ ಮಗನಂತೆ ನೋಡಿಕೊಳ್ಳುತ್ತಾರೆ. ಆ ಇಬ್ಬರು ಮುದುಕಿಯರನ್ನು ನೋಡಿ ಅಳದವರ ಎದೆ ಕಲ್ಲೇ ಇರಬೇಕು. ನಾನೂ ಅತ್ತೆ. ಮನೆಗೆ ಬಂದ ಮೇಲೆ ಹೊಳೆಯಿತು: ಆ ಹುಡುಗನಿಗೆ ವಿಮೆ ಯಾಕಿರಲಿಲ್ಲ? ಅವನ ಎಲುಬಿನ ಹೊಣೆ ತಂಡದ್ದಾಗಿರಲಿಲ್ಲವೆ? ಮಜೀದನ ಕೈಯೂ ಬರಿದು ಎಂದು ಸಿನಿಮಾ ಪ್ರಾಮಾಣಿಕವಾಗಿ ತೋರಿಸುತ್ತದೆ. ಆದರೆ ಗ್ಯಾಲರಿ ತುಂಬಿಸಿದ ಆಟಕ್ಕೆ ಆಟಗಾರನ ಕಾಲಿನ ಖರ್ಚು ಭರಿಸಲಾಗುವುದಿಲ್ಲ ಎಂಬ ವ್ಯವಸ್ಥೆಯನ್ನು ಅದು ಪ್ರಶ್ನಿಸುವುದಿಲ್ಲ. ವ್ಯವಸ್ಥೆ ಬಿಟ್ಟುಹೋದ ಜಾಗವನ್ನು ಇಬ್ಬರು ತಾಯಂದಿರ ಪ್ರೀತಿಯಿಂದ ತುಂಬಿಸಿಬಿಡುತ್ತದೆ.

ಸಿನಿಮಾ ಬಿ‌ಡುಗಡೆಯಾದ ಮೇಲೆ ನಡೆದದ್ದು ಇನ್ನೂ ಮಾತನಾಡುತ್ತದೆ. ಸ್ಯಾಮುಯೆಲ್ ಪಾತ್ರ ಮಾಡಿದ ನೈಜೀರಿಯಾದ ನಟ ಸ್ಯಾಮುಯೆಲ್ ರಾಬಿನ್ಸನ್ ತನಗೆ ಕೊಟ್ಟ ಸಂಭಾವನೆ ತೀರ ಕಡಿಮೆ, ತನ್ನ ಮೈಬಣ್ಣವೇ ಅದಕ್ಕೆ ಕಾರಣ ಎಂದು ಬಹಿರಂಗವಾಗಿ ದೂರಿದರು. ನಿರ್ಮಾಪಕರು ಮೊದಲೇ ಒಪ್ಪಿದ ಮೊತ್ತ ಕೊಟ್ಟಿದ್ದೇವೆ ಎಂದರು. ಆಮೇಲೆ ಮಾತುಕತೆಯಾಗಿ ಇನ್ನಷ್ಟು ಹಣ ಸಂದಿತು, ನಟರು ವರ್ಣಭೇದದ ಆರೋಪವನ್ನು ಹಿಂತೆಗೆದುಕೊಂಡರು. ಅಲ್ಲಿಗೆ ಮುಗಿಯಿತು, ಕೆದಕುವ ಇರಾದೆ ನನಗಿಲ್ಲ. ಆದರೆ ಆ ದಿನಗಳಲ್ಲಿ ಅನೇಕರು 'ಇಷ್ಟೊಂದು ಪ್ರೀತಿ ಕೊಟ್ಟೆವಲ್ಲ, ಮತ್ತೆ ದುಡ್ಡಿನ ಮಾತೇಕೆ' ಎಂಬ ಧಾಟಿಯಲ್ಲಿ ಅವರ ಮೇಲೆ ಹರಿಹಾಯ್ದರಲ್ಲ, ಆ ಧಾಟಿಯೇ ನನ್ನ ತಕರಾರಿನ ಗುರಿ. ಪ್ರೀತಿ ಕೊಟ್ಟವರಿಗೆ ಕೂಲಿಯ ಲೆಕ್ಕ ಕೇಳಬಾರದೆ?

ಸೆವೆನ್ಸಿನಲ್ಲಿ ನೋಡುಗನ ಪಾಡೂ ಅಷ್ಟೆ. 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಕಾಳಿಕಾವು ಬಳಿ ಪಂದ್ಯಕ್ಕೆ ಮೊದಲೇ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಒಳ್ಳೆಯ ಕೆಲಸಕ್ಕೆ ದುಡ್ಡು ಎತ್ತುತ್ತಿದ್ದೇವೆ ಎಂಬ ಭಾವನೆ ಬಂದ ಕೂಡಲೇ ಮರದ ಕಂಬ ಗಟ್ಟಿಯಿದೆಯೆ ಎಂದು ನೋಡುವ ಎಚ್ಚರ ತಪ್ಪುತ್ತದೆ. ಇದು ಉರೂಸಿನಲ್ಲೂ ಜಾತ್ರೆಯಲ್ಲೂ ನಾವು ಕಂಡದ್ದೇ.

ನಮ್ಮ ಹೆಮ್ಮೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಕಡೆಗೂ ಒಂದು ಮಾತು. 1891ರ ಆ ಕೊಲ್ಕತ್ತಾ ಕ್ಲಬ್ಬು 1934ರಿಂದ ಐದು ವರ್ಷ ಸತತವಾಗಿ ಕಲ್ಕತ್ತಾ ಲೀಗ್ ಗೆದ್ದಾಗ ದೇಶದ ಮುಸ್ಲಿಂ ಮನೆಗಳಲ್ಲಿ ಅದು ತಮ್ಮದೇ ಗೆಲುವಾಗಿತ್ತು. 2024ರ ಆಗಸ್ಟ್ ಕೊನೆಯಲ್ಲಿ ಈ ಕ್ಲಬ್ಬು ವಯನಾಡಿನ ಸಂತ್ರಸ್ತರ ಸಹಾಯಾರ್ಥ ಮಂಜೇರಿಯಲ್ಲಿ ಕೇರಳದ ಆಟಗಾರರ ತಂಡದ ವಿರುದ್ಧ ಪಂದ್ಯ ಆಡಿತು. ಅಷ್ಟು ದೂರದಿಂದ ಬಂದು ಆಡಿದ್ದು ಮೆಚ್ಚತಕ್ಕದ್ದೇ. ಅದಾಗಿ ಐದು ತಿಂಗಳಿಗೆ, 2025ರ ಜನವರಿಯಲ್ಲಿ, ಸಂಬಳ ಬಾಕಿಯ ಕಾರಣ ಹೇಳಿ ಅದೇ ತಂಡದ ಕೋಚ್ ಕೆಲಸ ಬಿಟ್ಟು ಹೋದರು. ಆಟಗಾರರಿಗೂ ಬಾಕಿ ಇತ್ತು. ಕೂಲಿ ಬಾಕಿ ಇಟ್ಟು ಮಾಡಿದ ಖೈರಾತನ್ನು ಏನೆಂದು ಕರೆಯಬೇಕೆಂದು ನಮ್ಮ ಮನೆಯ ಹಿರಿಯರನ್ನು ಕೇಳಿದರೆ ಸಾಕು.

ಹಾಗಾದರೆ ಕ್ಲಬ್ಬುಗಳು ಏನೂ ಕೊಡಬಾರದೆ ಎಂದು ಕೇಳುವವರಿದ್ದಾರೆ. ಕೊಡಲಿ. ಆದರೆ ಕೊಡುವ ಮುಂಚೆ ದುಡಿದವರ ಲೆಕ್ಕ ಚುಕ್ತಾ ಆಗಲಿ, ಜೊತೆಗಿರುವವರ ಅಂಗಳ ಬಿಟ್ಟುಕೊಡಲಿ. ಟಿಕೆಟ್ಟಿನ ಹಣದಲ್ಲಿ ಇಷ್ಟು ಪಾಲು ಎಂದು ಗೋಲು ಆದರೂ ಆಗದಿದ್ದರೂ ತೆಗೆದಿಡಲಿ. ಆ ಪಾಲು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಕಡೆ ಕೇರಿಯವರೂ ಅಭಿಮಾನಿಗಳೂ ಕೂರಲಿ, ತಪ್ಪಿದಾಗ ಕೇಳಲಿ. ಸರ್ಕಾರಿ ಶಾಲೆಗೆ ಬಂದು ಒಂದು ದಿನ ಚೆಂಡು ಹಂಚಿ ಹೋಗುವ ಬದಲು ಹೋಬಳಿಗೊಬ್ಬ ತರಬೇತುದಾರನಿಗೆ ಐದು ವರ್ಷದ ಸಂಬಳ ಬರೆದುಕೊಡುವ ಕ್ಲಬ್ಬು ಯಾವುದಾದರೂ ಇದ್ದರೆ ಅದರ ಆನೆಯನ್ನೋ ಹದ್ದನ್ನೋ ನಾವೂ ಎದೆ ಮೇಲೆ ಹಾಕಿಕೊಳ್ಳಬಹುದು. ಇದು ದುಬಾರಿ ಬೇಡಿಕೆಯಲ್ಲ. ಒಬ್ಬ ವಿದೇಶಿ ಮುನ್‌ಪಡೆ ಆಟಗಾರನ ಒಂದು ವರ್ಷದ ಸಂಬಳದಲ್ಲಿ ನಮ್ಮ ತಾಲೂಕಿನ ಲೆಕ್ಕ ಮುಗಿಯುತ್ತದೆ.

ಮತ್ತೆ ಬೀಚನಹಳ್ಳಿಗೆ ಹೋದದ್ದು ಮುಂದಿನ ಮಳೆಗಾಲ ಕಳೆದ ಮೇಲೆ. ಹಳದಿ ಜೆರ್ಸಿಯ ಹುಡುಗ ಸಿಕ್ಕಿದ. ಜೆರ್ಸಿ ಈಗ ಅವನ ತಮ್ಮನ ಮೈಮೇಲಿತ್ತು, ಮೊಣಕಾಲಿನ ತನಕ. ಚೆಂಡಿನ ಗಾಳಿ ಹೋಗಿತ್ತು. ಪಂಪಿನ ಸೂಜಿ ಸಿಗಬೇಕಾದರೆ ಹ್ಯಾಂಡ್‌ಪೋಸ್ಟಿಗೆ ಹೋಗಬೇಕು, ಅಲ್ಲೂ ಸಿಕ್ಕರೆ ಉಂಟು. ಈ ಸಲ ಲೀಗ್ ಯಾಕೆ ಶುರುವಾಗಲಿಲ್ಲ ಎಂದು ಅವನು ಕೇಳಿದ. ಫೆಡರೇಶನ್ನು, ಕರಾರು ಎಂದು ಏನೋ ಹೇಳಿದೆ. ಅವನು ಕೇಳಿಸಿಕೊಂಡು, ಗಾಳಿಯಿಲ್ಲದ ಚೆಂಡನ್ನು ಬದಿಗೆ ತಳ್ಳಿ, ವಾಲಿಬಾಲ್ ನೆಟ್ ಕಟ್ಟುತ್ತಿದ್ದವರ ಕಡೆ ಹೋದ.